ಸಂಪಾದಕರ ಉತ್ತರ: ಮಾವನವರ ಇಮ್ಯುನೋಥೆರಪಿ, ನೆಂಟರ ಕ್ಯಾಪ್ಸೂಲ್ ಡಬ್ಬಿ

ಬೇಲೂರು ಕಡೆಯಿಂದ ಬರ್ದಿರೋ ಓದುಗರೇ,

ನಿಮ್ ಪತ್ರ ಎರಡು ಸಲ ಓದ್ದೆ. ಮಾವನವರಿಗೆ ಶ್ವಾಸಕೋಶದ ಕ್ಯಾನ್ಸರ್, ಮೂರು ವಾರಕ್ಕೊಂದ್ಸಲ ಇಮ್ಯುನೋಥೆರಪಿ ಡ್ರಿಪ್ ಹಾಕಿಸ್ಕೊಂಡು ಬರ್ತಿದಾರೆ, ಈಗ ನೆಂಟರೊಬ್ರು ಕರುಳಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇದ್ರೇನೇ ಆ ಔಷಧಿ ಹತ್ತೋದು ಅಂತ ಪ್ರೋಬಯಾಟಿಕ್ ಕ್ಯಾಪ್ಸೂಲ್ ತಂದಿಟ್ಟಿದಾರೆ, ಕೊಡ್ಬೋದಾ ಅಂತ ಕೇಳಿದೀರ. ನೆಂಟರ ಮಾತಲ್ಲಿ ಅರ್ಧ ನಿಜ ಇದೆ, ಡಬ್ಬಿ ಮಾತ್ರ ಆ ಅರ್ಧಕ್ಕೆ ಸೇರಿದ್ದಲ್ಲ. ನಾನು ಡಾಕ್ಟ್ರಲ್ಲ, ಓದಿ ತಿಳ್ಕೊಂಡಿದ್ದು ಹೇಳ್ತೀನಿ ಅಷ್ಟೇ.

ನಮ್ಮ ರಕ್ಷಣಾ ಪಡೆಯ ಟಿ ಕಣಗಳಿಗೆ ಪಿಡಿ-1 ಅಂತ ಒಂದು ಬ್ರೇಕ್ ಇರುತ್ತೆ, ಕ್ಯಾನ್ಸರ್ ಗಡ್ಡೆ ಅದನ್ನೇ ತುಳಿದು ಹಿಡ್ಕೊಂಡಿರುತ್ತೆ, ಈ ಡ್ರಿಪ್ ಬ್ರೇಕ್ ಬಿಡಿಸುತ್ತೆ. ಆದ್ರೆ ಶಿರಾಡಿ ಘಾಟಿ ಹತ್ಬೇಕಾದ ಲಾರಿಗೆ ಹ್ಯಾಂಡ್ ಬ್ರೇಕ್ ಬಿಟ್ರೆ ಸಾಕಾ, ಡ್ರೈವರ್ರೂ ಎದ್ದಿರ್ಬೇಕಲ್ವಾ? ಆ ಎಬ್ಬಿಸೋ ಕೆಲಸದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಕೈ ಇದೆ ಅನ್ನೋದು ವಿಜ್ಞಾನಿಗಳ ಮಾತು.

ಇದು ಗೊತ್ತಾಗಿದ್ದೂ ಮಜವಾಗಿದೆ. ಶಿಕಾಗೋದಲ್ಲಿ ಒಂದೇ ತಳಿಯ ಇಲಿಗಳನ್ನ ಎರಡು ಬೇರೆ ಕಡೆಯಿಂದ ತರಿಸಿದ್ರು, ಒಂದು ಕಡೆ ಇಲಿಗಳಲ್ಲಿ ಗಡ್ಡೆ ನಿಧಾನಕ್ಕೆ ಬೆಳೀತಿತ್ತು, ಇನ್ನೊಂದರಲ್ಲಿ ಜೋರಾಗಿ. ಎರಡನ್ನೂ ಒಂದೇ ಗೂಡಲ್ಲಿ ಬಿಟ್ಟಾಗ ವ್ಯತ್ಯಾಸನೇ ಮಾಯ, ಯಾಕಂದ್ರೆ ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿಂತವೆ, ಅದ್ರ ಜೊತೆ ಕರುಳಿನ ಬ್ಯಾಕ್ಟೀರಿಯಾನೂ ದಾಟುತ್ತೆ! 2015ರಲ್ಲಿ ಅದು ಪ್ರಕಟ ಆಯ್ತು, ಬಿಫಿಡೋಬ್ಯಾಕ್ಟೀರಿಯಂ ಅನ್ನೋ ಕರುಳಿನ ಬ್ಯಾಕ್ಟೀರಿಯಾನ ಇಲಿಗಳಿಗೆ ಕುಡಿಸಿದ್ರೂ ಔಷಧಿಗೆ ಬಲ ಬಂತು ಅಂತ. ಆಮೇಲೆ 2021ರಲ್ಲಿ ಔಷಧಿ ಹತ್ತಿದ ರೋಗಿಗಳ ಮಲ ತಗೊಂಡು ಹತ್ತದೇ ಇದ್ದ ಮೆಲನೋಮಾ (ಒಂದು ಬಗೆ ಚರ್ಮದ ಕ್ಯಾನ್ಸರ್) ರೋಗಿಗಳ ಕರುಳಿಗೆ ಸೇರ್ಸಿದ್ರು, ಇಸ್ರೇಲಲ್ಲಿ 10 ಜನರಲ್ಲಿ 3 ಜನಕ್ಕೆ, ಪಿಟ್ಸ್‌ಬರ್ಗಲ್ಲಿ 15ರಲ್ಲಿ 6 ಜನಕ್ಕೆ ಅನುಕೂಲ ಆಯ್ತು. ಮುಖ ಸಿಂಡರಿಸ್ಬೇಡಿ, ಸಾವಿನ ಬಾಗ್ಲಲ್ಲಿದ್ದೋರಿಗೆ ಅದು ಸಣ್ಣ ವಿಷಯ ಅಲ್ಲ.

ಹಂಗಾದ್ರೆ ಕ್ಯಾಪ್ಸೂಲ್ ಯಾಕ್ ಬೇಡ? 2018ರಲ್ಲಿ ಒಟ್ಟಿಗೇ ಬಂದ ಮೂರು ಅಧ್ಯಯನ ಮೂರು ಬೇರೆ ಬೇರೆ ಬ್ಯಾಕ್ಟೀರಿಯಾ ಹೆಸರು ಹೇಳಿದ್ವು, ಒಂದು ಅಕರ್ಮಾನ್ಸಿಯಾ ಅಂತು, ಇನ್ನೊಂದು ಫೀಕ್ಯಾಲಿಬ್ಯಾಕ್ಟೀರಿಯಂ. ಯಾವುದು ಬೇಕು ಅಂತ ಅವ್ರಿಗೇ ಒಮ್ಮತ ಇಲ್ದೇ ಇರೋವಾಗ ಅಂಗಡಿ ಡಬ್ಬಿಯೋನಿಗೆ ಹೆಂಗ್ ಗೊತ್ತಾಯ್ತು? ಇನ್ನೊಂದು, 2021ರಲ್ಲೇ ಹ್ಯೂಸ್ಟನ್‌ನೋರು ಅಂಗಡಿ ಪ್ರೋಬಯಾಟಿಕ್ ಕೊಟ್ಟ ಇಲಿಗಳಲ್ಲಿ ಇಮ್ಯುನೋಥೆರಪಿ ಕೆಲಸ ಕುಗ್ಗಿದ್ದು ಕಂಡ್ರು. ಅದೇ ಅಧ್ಯಯನದ 128 ಮೆಲನೋಮಾ ರೋಗಿಗಳಲ್ಲಿ ದಿನಕ್ಕೆ 5 ಗ್ರಾಂ ನಾರು ಜಾಸ್ತಿ ತಿಂದಂಗೆಲ್ಲ ಕಾಯಿಲೆ ಮುಂದುವರಿಯೋ ಇಲ್ಲಾ ಸಾಯೋ ಅಪಾಯ ಸುಮಾರು 30% ಕಮ್ಮಿ ಇತ್ತು, ನಾರಿಂದಾನೇ ಹಂಗಾಯ್ತು ಅಂತ ಅದು ಸಾಬೀತು ಮಾಡಲ್ಲ ಬಿಡಿ, ಆದ್ರೂ ನಾರಿಗೆ ಡಬ್ಬಿ ಬೇಕಿಲ್ವಲ್ಲ. ನಮ್ ರಾಗೀಲೇ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ. ಮುದ್ದೆ, ಹುರುಳಿಕಾಳು ಸಾರು, ಅವರೆಕಾಳು, ಸೊಪ್ಪು, ಮಾವನವರಿಗೆ ಜೀರ್ಣ ಆಗೋಷ್ಟು ಕೊಡಿ. ಕಾಯಿಲೆ ಮನುಷ್ಯ ಅಂತ ಬರೀ ಬ್ರೆಡ್ಡು ಗಂಜಿ ಕೊಟ್ಟು ಕೂರಿಸೋದು ನಮ್ಮೂರಿನ ಹಳೇ ಚಾಳಿ, ನಮ್ ಮನೇಲೂ ಇತ್ತು. ಊಟದ ಜೊತೆ ಮಜ್ಜಿಗೆ ಇದ್ರೆ ಇರ್ಲಿ, ಕೀಮೋನೂ ಜೊತೆಗೆ ನಡೀತಿದ್ರೆ ಡಾಕ್ಟ್ರನ್ನ ಕೇಳಿ.

ನೆಗಡಿ ಬಂದಾಗೆಲ್ಲ ಮೆಡಿಕಲ್ಲಿಂದ ಆಂಟಿಬಯಾಟಿಕ್ ತರ್ತೀವಿ ಅಂತ ಪತ್ರದ ಕೊನೇಲಿ ಸುಮ್ನೆ ಒಂದ್ ಮಾತು ಹಾಕಿದೀರಲ್ಲ, ನಂಗೆ ಕ್ಯಾಪ್ಸೂಲಿಗಿಂತ ಭಯ ಆಗಿದ್ದು ಅದು. ಡ್ರಿಪ್ ಶುರುವಾಗೋ ಆಸುಪಾಸಲ್ಲಿ ಆಂಟಿಬಯಾಟಿಕ್ ತಗೊಂಡೋರಿಗೆ ಫಲ ಕಮ್ಮಿ ಸಿಕ್ಕಿದ್ದು ಬೇರೆ ಬೇರೆ ಕಡೆ ಕಂಡಿದೆ. ನೆಗಡಿ ವೈರಸ್ಸಿಂದು, ಅದಕ್ಕೆ ಆ ಮಾತ್ರೆ ಏನೂ ಮಾಡಲ್ಲ. ಹಂಗಂತ ನಿಜವಾದ ಸೋಂಕಿಗೆ ಡಾಕ್ಟ್ರು ಬರ್ದಿದ್ನ ನಿಲ್ಸೋದೂ ತಪ್ಪು.

ಮತ್ತೆ ಭೇದಿ ಶುರುವಾದ್ರೆ ಮೆಂತ್ಯ-ಮಜ್ಜಿಗೆ ಕುಡಿಸಿ ಎರಡು ದಿನ ನೋಡೋಣ ಅನ್ಬೇಡಿ. ಬ್ರೇಕ್ ಬಿಟ್ಟ ಟಿ ಕಣಗಳು ಕೆಲವು ಸಲ ಕರುಳಿಗೇ ತಿರುಗಿ ಬೀಳ್ತವೆ, ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ, ಮುದ್ದೆ ಹುರುಳಿನೂ ಆಗ ನಿಲ್ಸಿ.

ಡಬ್ಬಿ ಸೀಲ್ ಒಡ್ದಿಲ್ಲ ಅಂದ್ರೆ ನೆಂಟರ ಹತ್ರ ಬಿಲ್ ಇದ್ಯಾ ಕೇಳಿ ನೋಡಿ.

- ಸಂ.