ಅಲ್ಲಾಡುವ ಚಪ್ಪಡಿ: ಶಾಲೆಗೆ ನಡೆದು ಹೋಗಲು ಹೆದರಿದ ಮಗುವಿನ ಪ್ರಕರಣ

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಕುಟುಂಬವೊಂದರ ಪ್ರಕರಣವಿದು. ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮಗು ಒಂಬತ್ತು ವರ್ಷದ ಹುಡುಗಿ, ನಾಲ್ಕನೆಯ ತರಗತಿ. ಮನೆಯಿಂದ ಶಾಲೆಗೆ ಸುಮಾರು 900 ಮೀಟರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ಮಾದರಿ ನಿಯಮಗಳು ಒಂದರಿಂದ ಐದನೆಯ ತರಗತಿಯವರಿಗೆ 1 ಕಿ.ಮೀ. ನಡಿಗೆಯೊಳಗೆ ಶಾಲೆ ಇರಬೇಕೆಂದು ಹೇಳುತ್ತವೆ. ಆ ಲೆಕ್ಕದಲ್ಲಿ ಇದು ಹತ್ತಿರದ ಶಾಲೆಯೇ. ಮೂರನೆಯ ತರಗತಿಯವರೆಗೆ ಅವಳು ಅಕ್ಕನ ಕೈ ಹಿಡಿದು ಹೋಗುತ್ತಿದ್ದಳು. ಈ ಜೂನ್‌ನಲ್ಲಿ ಅಕ್ಕ ಊರಿನ ಇನ್ನೊಂದು ದಿಕ್ಕಿನಲ್ಲಿರುವ ಹೈಸ್ಕೂಲಿಗೆ ಸೇರಿದಳು. ಅದೇ ಹೊತ್ತಿಗೆ ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದರಿಂದ 7.45ಕ್ಕೆ ಫ್ಯಾಕ್ಟರಿ ಬಸ್ಸು ಹತ್ತಬೇಕಾಯಿತು. ಗಾರೆ ಕೆಲಸದ ತಂದೆ ಎಂಟಕ್ಕೆಲ್ಲ ಬೈಕಿನಲ್ಲಿ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ಮಂಡಿನೋವಿನ ಅಜ್ಜಿ ಮಾತ್ರ.

ಶಾಲೆ ಶುರುವಾದ ಎರಡನೆಯ ವಾರದಿಂದ ಮಗುವಿಗೆ ಬೆಳಿಗ್ಗೆ ಹೊಟ್ಟೆನೋವು ಬರತೊಡಗಿತು. ಒಂದು ತಿಂಗಳಲ್ಲಿ ಹನ್ನೊಂದು ದಿನ ಗೈರು. ಭಾನುವಾರ ನೋವಿಲ್ಲ, ಹತ್ತು ಗಂಟೆ ದಾಟಿದರೆ ನೋವಿಲ್ಲ. ವೈದ್ಯರು ನೋಡಿ ಹೊಟ್ಟೆಯಲ್ಲಿ ತೊಂದರೆಯಿಲ್ಲವೆಂದರು. ತರಗತಿಯ ಶಿಕ್ಷಕಿ ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಕಳುಹಿಸಿದರು.

ಮೊದಲು ಮಗುವಿನೊಡನೆ ಒಬ್ಬಳೇ ಇರುವಾಗ ಮಾತನಾಡಿದೆ. ದಾರಿಯಲ್ಲಿ ಯಾರಾದರೂ ಅಡ್ಡಗಟ್ಟುತ್ತಾರೆಯೇ, ಮುಟ್ಟುತ್ತಾರೆಯೇ, ಹಿಂಬಾಲಿಸುತ್ತಾರೆಯೇ. ಶಾಲೆಯಲ್ಲಿ ಏಟು, ಗೇಲಿ, ಶೌಚಾಲಯದ ತೊಂದರೆ ಏನಾದರೂ ಇದೆಯೇ ಎಂದು ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಇದನ್ನು ಕೇಳದೆ ಮಗುವಿಗೆ ಧೈರ್ಯ ಹೇಳಲು ಹೊರಡುವುದನ್ನು ನಾನು ಅಪರಾಧವೆಂದೇ ಭಾವಿಸುತ್ತೇನೆ, ಏಕೆಂದರೆ ನಿಜವಾದ ಕಾಟವಿರುವ ದಾರಿಗೆ ಮಗುವನ್ನು ನಾವೇ ತಳ್ಳಿದಂತಾಗುತ್ತದೆ. ಅಂಥದ್ದೇನೂ ಇಲ್ಲವೆಂದು ಖಚಿತವಾದ ಮೇಲೆ, ತಾಯಿ, ತಂದೆ, ಮಗು ಮೂವರನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: ಈ ದಾರಿಯಲ್ಲಿ ನಿಮಗೆ ಯಾವುದರ ಭಯ?

ತಾಯಿ ಹೇಳಿದ್ದು ಮಕ್ಕಳ ಕಳ್ಳರ ಭಯ. ಫೋನಿಗೆ ಬಂದ ವಿಡಿಯೋಗಳನ್ನು ಅವರು ಅಳಿಸದೆ ಇಟ್ಟುಕೊಂಡಿದ್ದರು. ತಂದೆ ಹೇಳಿದ್ದು ಮುಖ್ಯರಸ್ತೆ ದಾಟುವ ಭಯ. ಮಗುವಿಗೆ ಹಾಳೆ ಕೊಟ್ಟು ದಾರಿಯನ್ನು ಬಿಡಿಸಲು ಹೇಳಿದಾಗ, ಅವಳು ಮನೆ, ಅರಳಿಕಟ್ಟೆ, ಹಾಲಿನ ಡೇರಿ, ಶಾಲೆ ಎಲ್ಲವನ್ನೂ ಪೆನ್ಸಿಲಿನಲ್ಲಿ ತೆಳುವಾಗಿ ಬರೆದು, ಡೇರಿಯ ಪಕ್ಕದಲ್ಲಿ ಒಂದು ಚೌಕವನ್ನು ಮಾತ್ರ ಕಾಗದ ಹರಿಯುವಷ್ಟು ಗೀಚಿದಳು. "ಅದು ಮೋರಿ ಚಪ್ಪಡಿ ಮಿಸ್, ಕಾಲಿಟ್ರೆ ಅಲ್ಲಾಡುತ್ತೆ. ಸಂದಿಯಲ್ಲಿ ನೀರು ಓಡೋದು ಕಾಣುತ್ತೆ. ಅಲ್ಲಿ ಅಕ್ಕ ಕೈ ಹಿಡ್ಕೋತಿದ್ಲು." ಚಪ್ಪಡಿ ಬಿಟ್ಟು ಇಳಿದರೆ ಟ್ರ್ಯಾಕ್ಟರ್ ಓಡಾಡುವ ರಸ್ತೆ. ಮಳೆಗಾಲದಲ್ಲಿ ಮೋರಿ ತುಂಬಿ ಹರಿಯುತ್ತದೆ. ಒಂದೇ ಮನೆಯಲ್ಲಿ ಮೂವರು ಮೂರು ಭಯಗಳನ್ನು ಇಟ್ಟುಕೊಂಡಿದ್ದರು, ಒಬ್ಬರ ಭಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಒಂದು ಶನಿವಾರ ಅವರೆಲ್ಲರ ಜೊತೆ ನಾನೂ ಆ ದಾರಿಯಲ್ಲಿ ನಡೆದೆ. ತಂದೆ ದಿನವೂ ಬೈಕಿನಲ್ಲಿ ಹೋಗುವವರಾದ್ದರಿಂದ ಆ ಚಪ್ಪಡಿಯ ಮೇಲೆ ಕಾಲಿಟ್ಟಿರಲೇ ಇಲ್ಲ. ಅಂದು ಕಾಲಿಟ್ಟು, ಅದು ಕಟಕ್ಕೆಂದು ವಾಲಿದಾಗ, ಏನೂ ಮಾತನಾಡದೆ ಕುಕ್ಕರುಗಾಲಿನಲ್ಲಿ ಕೂತು ಸಂದಿಗೆ ಬೆರಳು ಹಾಕಿ ನೋಡಿದರು. ಮರುದಿನ ಜಲ್ಲಿ, ಸಿಮೆಂಟು ತಂದು ಅದನ್ನು ಕೂರಿಸಿದರು. ನೀರು ಹಾಕುವ ಕೆಲಸ ಮಗಳದಾಯಿತು. ಪುರಸಭೆ ಮಾಡಬೇಕಾದ ಕೆಲಸವದು, ಅರ್ಜಿಯನ್ನೂ ಕೊಡಿಸಿದೆವು. ಆದರೆ ಅಪ್ಪ ತನ್ನ ಮಾತನ್ನು ನಂಬಿದರು ಎಂಬುದು ಮಗುವಿಗೆ ಆ ಭಾನುವಾರ ಅರ್ಥವಾದದ್ದನ್ನು ನಾನು ಚಿಕ್ಕದೆಂದು ಎಣಿಸುವುದಿಲ್ಲ.

ತಾಯಿಯ ಭಯಕ್ಕೆ ಹೆಚ್ಚು ಹೊತ್ತು ಕೊಡಬೇಕಾಯಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಜನ ನಿರಪರಾಧಿಗಳನ್ನು ಹೊಡೆದು ಕೊಂದದ್ದನ್ನು ಅವರಿಗೆ ನೆನಪಿಸಿದೆ. ಅಂಥದ್ದೇ ವಿಡಿಯೋಗಳು ಊರಿನ ಹೆಸರು ಬದಲಿಸಿಕೊಂಡು ತಿರುಗುತ್ತಿರುವುದನ್ನು ತೋರಿಸಿದೆ. ಹಾಗೆಂದು ಅವರ ಆತಂಕವನ್ನು ತಳ್ಳಿಹಾಕಲಿಲ್ಲ. ಮಗಳನ್ನು ಬಿಟ್ಟು ಬಸ್ಸು ಹತ್ತುವ ತಾಯಿಯ ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ಅವರು ಪ್ರತಿ ಬೆಳಿಗ್ಗೆ ಜಡೆ ಹೆಣೆಯುತ್ತ "ಯಾರಾದ್ರೂ ಕರೆದ್ರೆ ಹೋಗ್ಬೇಡ, ಚಾಕಲೇಟ್ ಕೊಟ್ರೆ ತಗೋಬೇಡ, ವ್ಯಾನ್ ನಿಂತಿದ್ರೆ ಓಡು" ಎಂದು ಒಂದೇ ಸಮನೆ ಹೇಳುತ್ತಿದ್ದರು. ಮಾತಿಗಿಂತ ನಡುಗುವ ಬೆರಳನ್ನು ಮಗು ಬೇಗ ಗ್ರಹಿಸುತ್ತದೆ.

ಆದ್ದರಿಂದ ಎಚ್ಚರಿಕೆಯ ಮಾತನ್ನು ಬೆಳಗಿನಿಂದ ತೆಗೆದು, ವಾರಕ್ಕೊಮ್ಮೆ ಸಂಜೆ ಆಟದಂತೆ ಅಭ್ಯಾಸ ಮಾಡಿಸಲು ಹೇಳಿದೆ. "ಯಾರ ಹತ್ತಿರವೂ ಮಾತಾಡಬೇಡ" ಎಂದರೆ ಕಷ್ಟ ಬಂದಾಗ ಮಗು ಯಾರನ್ನೂ ಕೇಳಲಾರದು; ಅದರ ಬದಲು ಅಗತ್ಯ ಬಿದ್ದರೆ ನೇರವಾಗಿ ಒಳಗೆ ಹೋಗಬಹುದಾದ ಮೂರು ಕಡೆಗಳನ್ನು ಗೊತ್ತುಮಾಡಿದೆವು: ಡೇರಿ, ಅಂಗನವಾಡಿ, ಪರಿಚಯದ ದಿನಸಿ ಅಂಗಡಿ. ಅಮ್ಮನ ನಂಬರನ್ನೂ ಮಕ್ಕಳ ಸಹಾಯವಾಣಿ 1098ನ್ನೂ ಬಾಯಿಪಾಠ ಮಾಡಿಸಿದೆವು. ಬೆಳಿಗ್ಗೆ ಹೇಳಬೇಕಾದದ್ದು "ಹೋಗಿ ಬಾ ಮಗಳೇ" ಎಂಬಷ್ಟೇ.

ತಂದೆಯ ಭಯ ಸರಿಯಾದದ್ದೆಂದು ಸ್ಪಷ್ಟವಾಗಿ ಹೇಳಿದೆ. ಈ ವಯಸ್ಸಿನ ಮಕ್ಕಳಲ್ಲಿ ಎದುರಿನಿಂದ ಬರುವ ವಾಹನದ ದೂರ ಮತ್ತು ವೇಗವನ್ನು ಒಟ್ಟಿಗೆ ಅಳೆಯುವ ಶಕ್ತಿ ಇನ್ನೂ ಪಕ್ವವಾಗಿರುವುದಿಲ್ಲ. ನಿಂತ ಆಟೋದ ಹಿಂದಿನಿಂದ ಬರುವ ಬೈಕು ಅವರ ಎತ್ತರಕ್ಕೆ ಕಾಣುವುದೂ ಇಲ್ಲ. ಧೈರ್ಯ ಬೆಳೆಸುವ ಹೆಸರಿನಲ್ಲಿ ಅವಳೊಬ್ಬಳೇ ಮುಖ್ಯರಸ್ತೆ ದಾಟುವುದಕ್ಕೆ ನಾನು ಒಪ್ಪಲಿಲ್ಲ. ಅದೇ ಬೀದಿಯಿಂದ ಅದೇ ಶಾಲೆಗೆ ಹೋಗುವ ಇನ್ನೂ ಮೂವರು ಮಕ್ಕಳಿದ್ದರು. ಅವರ ಮನೆಯ ದೊಡ್ಡವರು ಸರದಿಯಂತೆ ದಾಟುವ ಜಾಗದಲ್ಲಿ ನಿಲ್ಲಲು ಒಪ್ಪಿದರು. ಫುಟ್‌ಪಾತ್ ಇಲ್ಲದ ಕಡೆ, ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಸಾಲಾಗಿ ನಡೆಯುವುದನ್ನು ಮಕ್ಕಳಿಗೆ ಕಲಿಸಿದೆವು.

ಉಳಿದದ್ದು ಮೆಲ್ಲನೆ ಮಾಡಬೇಕಾದ ಕೆಲಸ. ಮೊದಲ ವಾರ ಮಗು ಮುಂದೆ, ಅಜ್ಜಿ ಹತ್ತು ಹೆಜ್ಜೆ ಹಿಂದೆ, ಶಾಲೆಯ ಗೇಟಿನವರೆಗೆ. ಎರಡನೆಯ ವಾರ ಅಜ್ಜಿ ಡೇರಿಯಲ್ಲಿ ನಿಲ್ಲುವುದು, ಮೂರನೆಯ ವಾರ ಅರಳಿಕಟ್ಟೆಯಲ್ಲಿ. ಹೊಟ್ಟೆನೋವು ಬಂದ ದಿನವೂ, ಜ್ವರ ವಾಂತಿ ಇಲ್ಲದಿದ್ದರೆ, ತಡವಾಗಿಯಾದರೂ ಹೊರಡಬೇಕು. ಮನೆಯಲ್ಲಿ ಉಳಿದ ದಿನ ಸಿಗುವ ನೆಮ್ಮದಿ ಮರುದಿನದ ಭಯವನ್ನು ದೊಡ್ಡದು ಮಾಡುತ್ತದೆ ಎಂಬುದನ್ನು ಅಜ್ಜಿಗೆ ಎರಡು ಸಲ ವಿವರಿಸಬೇಕಾಯಿತು, ಏಕೆಂದರೆ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡರೆ ಅವರ ಕರುಳು ಚುರ್ರೆನ್ನುತ್ತಿತ್ತು. ಭಯ ದಾರಿಯನ್ನು ಮೀರಿ ನಿದ್ದೆಗೆ, ಊಟಕ್ಕೆ ಹರಡಿದರೆ ಕಾಯಬಾರದೆಂದು ಹೇಳಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ.

ಆಗಸ್ಟ್ ತಿಂಗಳಲ್ಲಿ ಮಗು ಎರಡೇ ದಿನ ಗೈರಾದಳು, ಎರಡೂ ಜೋರು ಮಳೆಯ ದಿನಗಳು. ಅಂಥ ಬೆಳಿಗ್ಗೆ ಈಗ ಅಜ್ಜಿ ಕೊಡೆ ಹಿಡಿದು ಡೇರಿಯವರೆಗೆ ಹೋಗುತ್ತಾರೆ. ಮಗು ತಲುಪಿದೊಡನೆ ಶಿಕ್ಷಕಿ ತಾಯಿಗೆ ಒಂದು ಮಿಸ್ಡ್ ಕಾಲ್ ಕೊಡುವ ಏರ್ಪಾಡು ಇನ್ನೂ ನಡೆಯುತ್ತಿದೆ. ಅದನ್ನು ನಿಲ್ಲಿಸೋಣವೇ ಎಂದು ಕೇಳಿದಾಗ ತಾಯಿ ಸ್ವಲ್ಪ ಯೋಚಿಸಿ, "ದಸರಾ ರಜೆ ಮುಗೀಲಿ ಮೇಡಂ" ಎಂದರು. ಆಗಲಿ ಎಂದು ಮುಂದಿನ ಭೇಟಿಯನ್ನು ರಜೆಯ ನಂತರದ ವಾರಕ್ಕೆ ಬರೆದುಕೊಂಡಿದ್ದೇನೆ.