ಕ್ಲಬ್ ಮಾರಾಟದ ಗುಲ್ಲು: ಮೊದಲು ಕಾಗದಪತ್ರ ನೋಡಿ

ನಿಮ್ಮ ದೀರ್ಘ ಪತ್ರ ತಲುಪಿತು. ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಾದ ಚಾಂಪಿಯನ್‌ಶಿಪ್‌ನಲ್ಲಿ ತಳ ಹಿಡಿದಿರುವ ನಿಮ್ಮ ಮೆಚ್ಚಿನ ಫುಟ್‌ಬಾಲ್ ಕ್ಲಬ್ಬು ಮಾರಾಟವಾಗುತ್ತದೆಂಬ ಸುದ್ದಿ ತಿಂಗಳುಗಟ್ಟಲೆ ಓಡಾಡುತ್ತಿದೆ. ಒಂದು ವಾರ ಅಮೆರಿಕದ ಹೂಡಿಕೆದಾರರು, ಮರುವಾರ ಕೊಲ್ಲಿ ದೇಶದ ಸಿರಿವಂತ ಕುಟುಂಬ, ಮೊನ್ನೆ ಡೈರೆಕ್ಟರುಗಳ ಗ್ಯಾಲರಿಯಲ್ಲಿ ಕಂಡ ಅಪರಿಚಿತ ಮುಖ. ಇದರಲ್ಲಿ ಯಾವುದನ್ನು ನಂಬಬೇಕು, ಒಂದು ಪೌಂಡಿಗೆ ಕ್ಲಬ್ಬು ಕೈಬದಲಾಗಿರುವಾಗ ಅಭಿಮಾನಿಗಳೇ ಏಕೆ ಕೊಳ್ಳಬಾರದು, ಜನವರಿಯಲ್ಲಿ ಒಳ್ಳೆಯ ಸ್ಟ್ರೈಕರನ್ನು ಬಿಟ್ಟುಕೊಟ್ಟಿದ್ದು ಮಾರಾಟದ ಮುನ್ಸೂಚನೆಯೇ ಎಂದು ಕೇಳಿದ್ದೀರಿ.

ಯಾರು ಕೊಳ್ಳುತ್ತಾರೆ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಮಾರಾಟಕ್ಕಿರುವುದು ಏನು, ಅದರ ಜೊತೆ ಎಷ್ಟು ಸಾಲ ಬರುತ್ತದೆ, ಮೈದಾನ ಯಾರ ಹೆಸರಿನಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಉತ್ತರಗಳಲ್ಲಿ ಹೆಚ್ಚಿನವು ಸಾರ್ವಜನಿಕ ದಾಖಲೆಯಲ್ಲೇ ಇವೆ.

ಮೊದಲು ಒಂದು ಪೌಂಡಿನ ಮಾತು. 1885ರಲ್ಲಿ ಹುಟ್ಟಿ ಎರಡು ಬಾರಿ ಎಫ್‌ಎ ಕಪ್ ಗೆದ್ದ ‘ಬರಿ’ (Bury) ಎಂಬ ಕ್ಲಬ್ಬು 2018ರ ಡಿಸೆಂಬರಿನಲ್ಲಿ ಸ್ಟೀವ್ ಡೇಲ್ ಅವರಿಗೆ ಸೇರಿದ್ದು ಒಂದೇ ಪೌಂಡಿಗೆ. ಆ ಬೆಲೆ ಷೇರಿನದು ಮಾತ್ರ. ಸಾಲ, ಬಾಕಿ ತೆರಿಗೆ, ಆಟಗಾರರ ಸಂಬಳ, ಗಿಗ್ ಲೇನ್ ಮೈದಾನದ ಮೇಲಿನ ಅಡಮಾನ ಎಲ್ಲವೂ ಷೇರಿನ ಬೆನ್ನಿಗೇ ಬಂದವು. ಖರ್ಚು ಭರಿಸುವಷ್ಟು ಹಣವಿದೆ ಎಂದು ಲೀಗ್‌ಗೆ ತೋರಿಸಲಾಗದೆ 2019ರ ಆಗಸ್ಟ್ 27ರಂದು ಕ್ಲಬ್ಬು ಲೀಗ್‌ನಿಂದಲೇ ಹೊರಬಿತ್ತು. ಹಾಗಾಗಿ ಅಗ್ಗದ ಬೆಲೆ ಕೇಳಿಬಂದಾಗ ಹಿಗ್ಗುವುದಕ್ಕಿಂತ ಎಚ್ಚರಗೊಳ್ಳುವುದು ಮೇಲು. ಕೊಳ್ಳುವವರು ಮೊದಲ ದಿನ ಕೊಡುವ ಮೊತ್ತಕ್ಕಿಂತ ಮುಂದಿನ ಹದಿನೆಂಟು ತಿಂಗಳು ಪ್ರತಿ ತಿಂಗಳೂ ಸುರಿಯಬೇಕಾದ ಮೊತ್ತ ದೊಡ್ಡದು. ಚಾಂಪಿಯನ್‌ಶಿಪ್‌ನಲ್ಲಿ ಹಲವು ಕ್ಲಬ್ಬುಗಳ ಸಂಬಳದ ಬಿಲ್ಲೇ ಒಟ್ಟು ಆದಾಯವನ್ನು ಮೀರಿದ ವರ್ಷಗಳು ಬೇಕಾದಷ್ಟಿವೆ. ಆ ಕೊರತೆಯನ್ನು ತುಂಬುವವರು ಮಾಲೀಕರು, ಮತ್ತು ಬಹುತೇಕ ಅದನ್ನು ಕ್ಲಬ್ಬಿಗೆ ಕೊಟ್ಟ ಸಾಲವೆಂದೇ ಬರೆದಿಡುತ್ತಾರೆ. ಮಾರುವಾಗ ಆ ಸಾಲವನ್ನು ಬಿಟ್ಟುಕೊಡುತ್ತಾರೋ, ಷೇರಾಗಿ ಬದಲಿಸುತ್ತಾರೋ, ವಾಪಸು ಕೇಳುತ್ತಾರೋ ಎಂಬುದರ ಮೇಲೆಯೇ ಅರ್ಧ ಮಾತುಕತೆ ನಿಂತಿರುತ್ತದೆ.

ಮೈದಾನದ ವಿಷಯ ಇನ್ನೂ ಮುಖ್ಯ. ಡರ್ಬಿ ಕೌಂಟಿ ಎಂಬ ಕ್ಲಬ್ಬಿನ ಪ್ರೈಡ್ ಪಾರ್ಕ್ ಕ್ರೀಡಾಂಗಣವನ್ನು ಅಂದಿನ ಮಾಲೀಕ ಮೆಲ್ ಮಾರಿಸ್ 2018ರಲ್ಲಿ ಸುಮಾರು 8 ಕೋಟಿ ಪೌಂಡಿಗೆ ತಮ್ಮದೇ ಇನ್ನೊಂದು ಕಂಪನಿಗೆ ಮಾರಿಸಿದರು. ಆ ವರ್ಷದ ಲೆಕ್ಕದಲ್ಲಿ ಲಾಭ ಕಂಡಿತು, ಆದರೆ ಕ್ಲಬ್ಬು ತನ್ನ ಮನೆಯಲ್ಲೇ ಬಾಡಿಗೆದಾರನಾಯಿತು. 2021ರ ಸೆಪ್ಟೆಂಬರಿನಲ್ಲಿ ಕ್ಲಬ್ಬು ಅಡ್ಮಿನಿಸ್ಟ್ರೇಷನ್‌ಗೆ, ಅಂದರೆ ಸಾಲ ತೀರಿಸಲಾಗದ ಕಂಪನಿಯನ್ನು ಹೊರಗಿನ ಅಡ್ಮಿನಿಸ್ಟ್ರೇಟರುಗಳು ನಡೆಸುವ ಸ್ಥಿತಿಗೆ, ಬಿದ್ದ ಮೇಲೆ ಬಂದವರೆಲ್ಲರೂ ಎರಡು ಬಾಗಿಲು ತಟ್ಟಬೇಕಾಯಿತು: ತಂಡಕ್ಕೆ ಅಡ್ಮಿನಿಸ್ಟ್ರೇಟರುಗಳದು, ಮೈದಾನಕ್ಕೆ ಹಳೆಯ ಮಾಲೀಕರದು. ಪತ್ರಿಕೆಗಳು ತಿಂಗಳುಗಟ್ಟಲೆ ಹೊಸ ಮಾಲೀಕರೆಂದೇ ಬರೆದ ಅಮೆರಿಕದ ಕ್ರಿಸ್ ಕರ್ಚ್‌ನರ್ 2022ರ ಜೂನ್‌ನಲ್ಲಿ ಹಿಂದೆ ಸರಿದರು. ಹಣ ಬರಲೇ ಇಲ್ಲ. ಕೊನೆಗೆ ಸ್ಥಳೀಯ ಉದ್ಯಮಿ ಡೇವಿಡ್ ಕ್ಲೋಸ್ ಮೊದಲು ಮೈದಾನ ಕೊಂಡರು, ಜುಲೈ 1ರಂದು ಕ್ಲಬ್ಬನ್ನು. ಆ ಕ್ರಮ ಗಮನಿಸಿ. ನಿಮ್ಮ ಕ್ಲಬ್ಬಿನ ಬಗ್ಗೆ ಬರುವ ಯಾವ ಸುದ್ದಿಯಲ್ಲಾದರೂ ಮೈದಾನದ ಮಾತೇ ಇಲ್ಲವೆಂದರೆ ಆ ಸುದ್ದಿ ಇನ್ನೂ ಬಲಿತಿಲ್ಲ.

ಇದನ್ನೆಲ್ಲ ನೀವೇ ನೋಡುವ ಬಗೆ ಹೀಗಿದೆ. ಬ್ರಿಟನ್ನಿನ ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಕ್ಲಬ್ಬಿನ ಹೆಸರು ಹಾಕಿ, ಉಚಿತ. ತಂಡ ನಡೆಸುವ ಕಂಪನಿ ಒಂದು, ಅದರ ಮೇಲೊಂದು ಹೋಲ್ಡಿಂಗ್ ಕಂಪನಿ, ಕೆಲವೊಮ್ಮೆ ಮೈದಾನಕ್ಕೆ ಬೇರೊಂದು ಇರುತ್ತದೆ. ಮೂರನ್ನೂ ತೆರೆಯಿರಿ. ಖಾಸಗಿ ಕಂಪನಿ ಲೆಕ್ಕಪತ್ರ ಸಲ್ಲಿಸಲು ವರ್ಷಾಂತ್ಯದಿಂದ ಒಂಬತ್ತು ತಿಂಗಳ ಗಡುವಿದೆ; ಅದು ಮೀರಿದ್ದರೆ, ಅಥವಾ ಲೆಕ್ಕವರ್ಷದ ಕೊನೆಯ ದಿನವನ್ನೇ ಕಾರಣವಿಲ್ಲದೆ ಮುಂದೂಡಿದ್ದರೆ, ಒಳಗೆ ಏನೋ ಸರಿಯಿಲ್ಲವೆಂದು ತಿಳಿಯಿರಿ. ಲೆಕ್ಕಪತ್ರದಲ್ಲಿ ಲಾಭ ನಷ್ಟದ ಪುಟಕ್ಕಿಂತ ಮೊದಲು ಎರಡು ಟಿಪ್ಪಣಿ ಓದಿ. ಕಂಪನಿ ಮುಂದೆಯೂ ನಡೆಯಬಲ್ಲುದೇ ಎಂಬ ಬಗ್ಗೆ ಲೆಕ್ಕಪರಿಶೋಧಕರ ಮಾತು ಒಂದು. ವರ್ಷ ಮುಗಿದ ನಂತರದ ಬೆಳವಣಿಗೆಗಳ ಟಿಪ್ಪಣಿ ಇನ್ನೊಂದು. ಮಾಲೀಕರು ಮುಂದಿನ ಹನ್ನೆರಡು ತಿಂಗಳು ಹಣ ಕೊಡುವುದಾಗಿ ಲಿಖಿತವಾಗಿ ಒಪ್ಪಿದ್ದಾರೆಯೇ ಎಂಬುದು ಸಾಮಾನ್ಯವಾಗಿ ಮೊದಲನೆಯದರಲ್ಲೇ ಸಿಗುತ್ತದೆ.

ಆಮೇಲೆ ಅದೇ ಜಾಲತಾಣದಲ್ಲಿರುವ ಚಾರ್ಜ್ ಪಟ್ಟಿ, ಅಂದರೆ ಕಂಪನಿಯ ಆಸ್ತಿಯ ಮೇಲಿನ ಒತ್ತೆಗಳ ಪಟ್ಟಿ. ಆಸ್ತಿಯನ್ನು ಭದ್ರತೆಯಾಗಿಟ್ಟು ಸಾಲ ತೆಗೆದರೆ ಸಾಲ ಕೊಟ್ಟವರು 21 ದಿನಗಳೊಳಗೆ ಅದನ್ನು ಇಲ್ಲಿ ನೋಂದಾಯಿಸಬೇಕು, ಇಲ್ಲವಾದರೆ ಕಂಪನಿ ಮುಳುಗಿದಾಗ ಅವರ ಭದ್ರತೆಗೆ ಬೆಲೆಯಿರದು. ಆದ್ದರಿಂದ ಈ ಪಟ್ಟಿ ಪತ್ರಿಕೆಗಳಿಗಿಂತ ನಂಬಲರ್ಹ. ಹೊಸ ಸಾಲಸಂಸ್ಥೆಯ ಹೆಸರು ಮೇಲಿಂದ ಮೇಲೆ ಬರುತ್ತಿದ್ದರೆ ಮಾಲೀಕರ ಕೈ ಬರಿದಾಗುತ್ತಿದೆ. ಹಳೆಯ ಚಾರ್ಜುಗಳು ಒಂದರ ಹಿಂದೊಂದು ತೀರಿವೆಯೆಂದು ದಾಖಲಾದರೆ ಯಾರೋ ಮನೆ ಚೊಕ್ಕಟ ಮಾಡುತ್ತಿದ್ದಾರೆ. ಮಾರಾಟದ ಮುನ್ನ ಹೀಗಾಗುವುದುಂಟು. ನಿಮ್ಮ ಸ್ಟ್ರೈಕರಿನ ಪ್ರಶ್ನೆಗೂ ಉತ್ತರ ಇಲ್ಲೇ ಇರಬಹುದು. ವರ್ಗಾವಣೆ ಹಣ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ. ಇನ್ನೂ ಬರಬೇಕಾದ ಕಂತುಗಳನ್ನೇ ಒತ್ತೆಯಿಟ್ಟು ಸಾಲ ತೆಗೆದಿದ್ದರೆ ಅದೂ ಚಾರ್ಜಾಗಿ ಕಾಣುತ್ತದೆ. ಹಾಗೆ ಕಂಡರೆ ಆ ಆಟಗಾರನ ಮಾರಾಟ ಬಹುಶಃ ಸಂಬಳ ಕೊಡಲು ಆದದ್ದೇ ಹೊರತು ಹೊಸ ಮಾಲೀಕರು ಬರುತ್ತಾರೆಂದಲ್ಲ. ನಿಜವಾಗಿ ಖರೀದಿ ಹತ್ತಿರವಿದ್ದರೆ ಕೊಳ್ಳುವವರು ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳಿ ಎಂದೇ ಹೇಳುತ್ತಾರೆ, ಏಕೆಂದರೆ ಅವರು ಕೊಡುವ ಬೆಲೆಯಲ್ಲಿ ಆ ಆಟಗಾರರೂ ಸೇರಿರುತ್ತಾರೆ.

ಸುದ್ದಿ ಯಾವ ಹಂತದ್ದು ಎಂಬುದನ್ನೂ ಕೇಳಿ. ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ ಲೆಕ್ಕ ನೋಡಲು ಹಲವರು ಬರುತ್ತಾರೆ. ಗ್ಯಾಲರಿಯಲ್ಲಿ ಕಂಡ ಅಪರಿಚಿತರು ಬಹುತೇಕ ಈ ಹಂತದವರು. ನಿಗದಿತ ಅವಧಿಗೆ ಬೇರೆಯವರೊಂದಿಗೆ ಮಾತಾಡುವುದಿಲ್ಲ ಎಂದು ಮಾಲೀಕರು ಒಪ್ಪಿಕೊಂಡರೆ ಅದು ಮುಂದಿನ ಹಂತ. ಮಾರಾಟ ಒಪ್ಪಂದವಾದ ಮೇಲೂ ಹಣದ ಮೂಲ ಮತ್ತು ಮಾಲೀಕರ ಅರ್ಹತೆಯ ಪರೀಕ್ಷೆ ಬಾಕಿ ಇರುತ್ತದೆ. ಎವರ್ಟನ್ ಕ್ಲಬ್ಬನ್ನು ಕೊಳ್ಳಲು 777 ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿತು, ಮುಂದಿನ ಬೇಸಿಗೆಯ ಹೊತ್ತಿಗೆ ಅದು ಮುರಿದುಬಿತ್ತು. ಕ್ಲಬ್ಬು ಫ್ರೀಡ್‌ಕಿನ್ ಗ್ರೂಪಿನ ಕೈ ಸೇರಿದ್ದು 2024ರ ಡಿಸೆಂಬರಿನಲ್ಲಿ. 2025ರ ಫುಟ್‌ಬಾಲ್ ಆಡಳಿತ ಕಾಯ್ದೆಯಿಂದ ಹುಟ್ಟಿದ ಸ್ವತಂತ್ರ ನಿಯಂತ್ರಕ ಸಂಸ್ಥೆಗೂ ಮಾಲೀಕರನ್ನು ಪರೀಕ್ಷಿಸುವ ಅಧಿಕಾರವಿದೆ.

ಕೊಳ್ಳುವವರು ಸಿಗದೆ ಕ್ಲಬ್ಬು ಅಡ್ಮಿನಿಸ್ಟ್ರೇಷನ್‌ಗೆ ಹೋದರೆ ಮೊದಲ ಪೆಟ್ಟು 12 ಅಂಕಗಳ ಕಡಿತ. ಡರ್ಬಿಗೆ ಲೆಕ್ಕದ ನಿಯಮ ಮೀರಿದ್ದಕ್ಕೆ ಇನ್ನೂ 9 ಸೇರಿ ಒಟ್ಟು 21 ಹೋದವು, ತಂಡ ಕೆಳಗಿನ ಲೀಗ್‌ಗೆ ಜಾರಿತು. ಆಟಗಾರರಿಗೂ ಬೇರೆ ಕ್ಲಬ್ಬುಗಳಿಗೂ ಕೊಡಬೇಕಾದ್ದನ್ನು ಪೂರ್ತಿ ಕೊಡಬೇಕು. ಭದ್ರತೆಯಿಲ್ಲದ ಉಳಿದವರಿಗೆ ಪೌಂಡಿಗೆ ಕನಿಷ್ಠ 25 ಪೆನ್ಸ್, ಅಥವಾ ಮೂರು ವರ್ಷಗಳಲ್ಲಿ 35 ಪೆನ್ಸ್ ಸಿಗದಿದ್ದರೆ ಇನ್ನೊಂದು 15 ಅಂಕಗಳ ದಂಡ ಕಾದಿರುತ್ತದೆ. 2020ರ ಡಿಸೆಂಬರಿನಿಂದ ತೆರಿಗೆ ಇಲಾಖೆಗೆ ಸಂಬಳದ ತೆರಿಗೆ ಮತ್ತು ವ್ಯಾಟ್ ಬಾಕಿಯಲ್ಲಿ ಆದ್ಯತೆ ಸಿಕ್ಕಿರುವುದರಿಂದ ಸಣ್ಣ ವ್ಯಾಪಾರಿಗಳ ಪಾಲಿಗೆ ಉಳಿಯುವುದು ಇನ್ನೂ ಕಡಿಮೆ. ಸ್ಥಳೀಯ ಮುದ್ರಕರು, ಆಂಬುಲೆನ್ಸ್ ಸೇವೆಯವರು ಹಣ ಕಳೆದುಕೊಳ್ಳುವುದು ಇಲ್ಲೇ, ಮತ್ತು ನನಗೆ ಈ ವ್ಯವಸ್ಥೆಯಲ್ಲಿ ಅತ್ಯಂತ ಅನ್ಯಾಯವಾಗಿ ಕಾಣುವುದೂ ಇದೇ.

ಅಭಿಮಾನಿಗಳು ಕೊಳ್ಳಬಹುದೇ? ಆಗಿದೆ. ಪೋರ್ಟ್ಸ್‌ಮತ್ ಅಭಿಮಾನಿಗಳ ಟ್ರಸ್ಟ್ ತಲಾ 1,000 ಪೌಂಡಿನ ಷೇರು ಮಾರಿ, ಕೆಲವು ಶ್ರೀಮಂತ ಬೆಂಬಲಿಗರನ್ನೂ ಸೇರಿಸಿಕೊಂಡು 2013ರಲ್ಲಿ ಕ್ಲಬ್ಬನ್ನು ಅಡ್ಮಿನಿಸ್ಟ್ರೇಷನ್‌ನಿಂದ ಹೊರತಂದಿತು. ಸಾಲ ತೀರಿಸಿ, 2017ರಲ್ಲಿ 56.7 ಲಕ್ಷ ಪೌಂಡಿಗೆ ಮೈಕಲ್ ಐಸ್ನರ್ ಕುಟುಂಬದ ಸಂಸ್ಥೆಗೆ ಒಪ್ಪಿಸಿತು. ಆದರೆ ಆಗ ಕ್ಲಬ್ಬು ನಾಲ್ಕನೇ ದರ್ಜೆಗೆ ಇಳಿದಿತ್ತು, ಖರ್ಚೂ ಇಳಿದಿತ್ತು. ಚಾಂಪಿಯನ್‌ಶಿಪ್‌ನ ಸಂಬಳದ ಬಿಲ್ಲಿಗೆ ಷೇರು ಹಣ ಕೆಲವು ವಾರಗಳಿಗೂ ಸಾಲದು. ನಿಮ್ಮ ಬಳಗಕ್ಕೆ ಇಂದೇ ಸಾಧ್ಯವಿರುವ ಕೆಲಸ ಬೇರೆ ಇದೆ. 2011ರ ಲೋಕಲಿಸಂ ಕಾಯ್ದೆಯಡಿ ಮೈದಾನವನ್ನು ಸಮುದಾಯ ಮೌಲ್ಯದ ಆಸ್ತಿಯೆಂದು ಪಟ್ಟಿಗೆ ಸೇರಿಸಲು ಅಲ್ಲಿನ ಅಭಿಮಾನಿಗಳ ಟ್ರಸ್ಟ್ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಪಟ್ಟಿಯಲ್ಲಿದ್ದರೆ, ಮೈದಾನವನ್ನು ಮಾತ್ರ ಮಾರಹೊರಟಾಗ ಸಮುದಾಯದವರು ಬಿಡ್ ಸಿದ್ಧಪಡಿಸಲು ಆರು ತಿಂಗಳು ಕೇಳಬಹುದು. ಕಂಪನಿಯ ಷೇರುಗಳೇ ಕೈಬದಲಾದರೆ ಇದು ತಡೆಯಾಗದು. ಅರ್ಜಿ ಹಾಕಿದ್ದಾರೆಯೇ ಎಂದು ಟ್ರಸ್ಟಿಗೆ ಈ ವಾರವೇ ಬರೆದು ಕೇಳಿ, ಜೊತೆಗೆ ಮೈದಾನದ ಭೂದಾಖಲೆಯ ಪ್ರತಿಯನ್ನು ಭೂನೋಂದಣಿ ಕಚೇರಿಯಿಂದ ತರಿಸಿಕೊಳ್ಳಿ. ಶುಲ್ಕ ಕೆಲವೇ ಪೌಂಡು.