ಮರು: ಹಕ್ಕಿಜ್ವರಕ್ಕೆ ಇಷ್ಟೊಂದು ಹೆಸರು ಯಾಕೆ?

ತೀರ್ಥಹಳ್ಳಿ ಕಡೆಯವರು ಕೇಳಿದ್ರಲ್ಲ, ಹಕ್ಕಿಜ್ವರದ ವೈರಸ್‌ಗಳಾದ ಎಚ್‌5ಎನ್‌1, ಎಚ್‌7ಎನ್‌9, ಎಚ್‌9ಎನ್‌2 ಎಲ್ಲಾ ಒಂದೇ ತಾನೆ ಅಂತ. ಜಾತಿ ಒಂದೇ, ವಂಶ ಬೇರೆ. ಈ ವೈರಸ್‌ನ ವಂಶವಾಹಿ 8 ತುಂಡುಗಳಲ್ಲಿರುತ್ತೆ. ಒಂದೇ ಕೋಳಿಗೆ ಎರಡು ಬಗೆ ಒಟ್ಟಿಗೆ ತಗುಲಿದರೆ, ಇಸ್ಪೀಟೆಲೆ ಕಲೆಸಿದ ಹಾಗೆ ತುಂಡುಗಳು ಅದಲುಬದಲಾಗಿ ಹೊಸದೊಂದು ಹುಟ್ಟಬಹುದು. 2013ರಲ್ಲಿ ಚೀನಾದಲ್ಲಿ ಜನರಿಗೆ ತಗುಲಿದ ಎಚ್‌7ಎನ್‌9 ಹೀಗೇ ಬಂದದ್ದು. ಅದರ 6 ತುಂಡು ಎಚ್‌9ಎನ್‌2ರವು. ಈ ಎಚ್‌9ಎನ್‌2 ಕೋಳಿಗಳನ್ನು ಅಷ್ಟಾಗಿ ಕೊಲ್ಲೋದಿಲ್ಲ, ಅದಕ್ಕೇ ಸದ್ದಿಲ್ಲದೆ ಓಡಾಡುತ್ತೆ. ನನಗೆ ಹೆಚ್ಚು ಅಳುಕು ಇದರದ್ದೇ. ಎಚ್‌5ಎನ್‌1 ಒಳಗೂ ಕವಲುಗಳಿವೆ: 2024ರಲ್ಲಿ ಅಮೆರಿಕದ ಹಸುಗಳಲ್ಲಿ ಕಂಡದ್ದೇ ಬೇರೆ, ಕಾಂಬೋಡಿಯಾದಲ್ಲಿ ಜನರನ್ನು ಕೊಂದದ್ದೇ ಬೇರೆ.

ಮಂಡಗದ್ದೆ ಪಕ್ಷಿಧಾಮದ ಬೆಳ್ಳಕ್ಕಿ ಕಂಡು ಹೆದರಬೇಡಿ ಮಾರಾಯ್ರೆ. ಆದರೆ ಅಂಗಳದ ನಾಟಿಕೋಳಿ ಜುಟ್ಟು ನೀಲಿಗಟ್ಟಿ ಸಾಲಾಗಿ ಸತ್ತರೆ ಬರಿಗೈಲಿ ಮುಟ್ಟದೆ, ಸಾರಿಗೂ ಹಾಕದೆ, ಪಶುವೈದ್ಯರಿಗೆ ಫೋನ್ ಮಾಡಿ.